ಶಂಕ್ರಮ್ಮನವರ ಮೂಗು, ರಂಗಿಯ ಕಿವಿ

ನಾಯಿಯಾಗಲಿ ಬೆಕ್ಕಾಗಲಿ, ಡಾಕ್ಟರ್ ಶಂಕ್ರಮ್ಮ ಮೊದಲು ಅದರ ಕಿವಿ ಮೂಸಿ ನೋಡುತ್ತಿದ್ದರು. ತಂದವರ ಮುಖ ನೋಡುವುದು ಆಮೇಲೆ. ಹೊಸಪೇಟೆಯ ಅವರ ಕ್ಲಿನಿಕ್ಕಿನಲ್ಲಿ ಮರ್ಯಾದೆಯೆಲ್ಲ ಪ್ರಾಣಿಗಳಿಗೆ, ಬೈಗುಳವೆಲ್ಲ ಮನುಷ್ಯರಿಗೆ. “ಬರ್ರಿ ತಾಯಿ, ಕುಂದ್ರಿ” ಎಂದು ಬೆಕ್ಕನ್ನು ಮೇಜಿನ ಮೇಲೆ ಕೂರಿಸಿ, “ನೀ ಅಲ್ಲೇ ನಿಂದ್ರಲೇ” ಎಂದು ನನಗೆ ಹೇಳುತ್ತಿದ್ದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನನ್ನು ಹಾಗೆ ಮಾತಾಡಿಸುವ ಧೈರ್ಯ ನಮ್ಮವ್ವನನ್ನು ಬಿಟ್ಟರೆ ಅವರಿಗೊಬ್ಬರಿಗೇ ಇತ್ತು.

ರಂಗಿ ನಮ್ಮ ಗಿರಣಿಯ ಬೆಕ್ಕು. ಅವಳ ಕಾಟಕ್ಕೆ ಇಲಿಗಳೆಲ್ಲ ಪಕ್ಕದ ಗಿರಣಿಗೆ ಗುಳೆ ಹೋಗಿದ್ದವು. ಒಂದು ಸುಗ್ಗಿಯಲ್ಲಿ ಎಮ್ಮಿಗನೂರಿನಿಂದ ಭತ್ತ ತಂದ ಟ್ರೇಲರ್ ಅವಳ ತಲೆಗೆ ಬಡಿಯಿತು. ಹೊರಗಿನ ಗಾಯ ಬೇಗ ಮಾಯಿತು. ಆದರೆ ಕೆಲವು ವಾರಗಳಲ್ಲಿ ಕಿವಿಯ ಬುಡ ಊದಿ, ತಲೆ ವಾಲಿಸಿಕೊಂಡು ಓಡಾಡತೊಡಗಿದಳು. ಅವ್ವ ಮನೆಮಕ್ಕಳಿಗೆಲ್ಲ ಮಾಡುವಂತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಅವಳ ಕಿವಿಗೂ ಬಿಟ್ಟಳು.

ಹೊಸಪೇಟೆಗೆ ಒಯ್ದಾಗ ಶಂಕ್ರಮ್ಮ ಆ ಕಿವಿ ಮೂಸಿದವರೇ ನನ್ನತ್ತ ತಿರುಗಿದರು. “ಒಗ್ಗರಣಿ ಯಾರು ಹಾಕಿದ್ರಲೇ? ಮಂಡಕ್ಕಿ ತಂದಿದ್ರ ಕಲಸಿ ತಿನ್ನಬೋದಿತ್ತು.”

ಸ್ಕ್ಯಾನ್ ನೋಡಿದ ಮೇಲೆ ತಮಾಷೆ ನಿಂತಿತು. “ಒಳಗ ಕಿವಿ ಕೊಳವಿ ಎರಡು ತುಂಡಾಗೈತಿ. ಕಾಲುವಿ ನಡುವ ಕಟ್ಟಿದ್ರ ನೀರು ನಿಂದ್ರತೈತಲಾ, ಹಂಗ ಕೀವು ನಿಂತೈತಿ. ಎರಡೂ ತುದಿ ಹುಡುಕಿ ಹೊಲಿತೀನಿ. ಆದ್ರ ಬಾಜೂಕ ಮುಖದ ನರ ಐತಿ. ಅದಕ್ಕ ಪೆಟ್ಟಾದ್ರ ಇವರಿಗೆ ಕಣ್ಣು ಮುಚ್ಚಾಕ ಬರಂಗಿಲ್ಲ.”

ಹೊಲಿಗೆಯೇನೋ ಕೂಡಿತು. ರಂಗಿಗೆ ಎಚ್ಚರವಾದಾಗ ಶಂಕ್ರಮ್ಮ ಅವಳ ಕಣ್ಣಿನ ಹತ್ತಿರಕ್ಕೆ ಬೆರಳು ತಂದರು. ರೆಪ್ಪೆ ಅಲುಗಲಿಲ್ಲ. ಮತ್ತಿನ ಗುಂಗೋ, ನರಕ್ಕೇ ಪೆಟ್ಟೋ, ಅವರಿಗೂ ತಿಳಿಯಲಿಲ್ಲ. ಪಂಜರದ ಮುಂದೆ ನೆಲದ ಮೇಲೇ ಕೂತುಬಿಟ್ಟರು. ತೋರಣಗಲ್ಲಿನಿಂದ ನಾಯಿ ತಂದಿದ್ದವನೊಬ್ಬ ಅವರ ಕುರ್ಚಿಯಲ್ಲೇ ಆರಾಮಾಗಿ ಕೂತ. ಅವನಿಗೂ ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

ಸಂಜೆಯ ಹೊತ್ತಿಗೆ ಅವರು ಮತ್ತೊಮ್ಮೆ ಬೆರಳು ತಂದರು. ರಂಗಿ ಕಣ್ಣು ಮುಚ್ಚಿ ತೆರೆದಳು.

“ಮುಚ್ಚಿದ್ರು” ಎಂದು ಮೆಲ್ಲಗೆ ಅಂದು, ಎದ್ದು, “ಯಾರಪ್ಪನ ಕುರ್ಚಿಲೇ ಅದು?” ಎಂದು ತೋರಣಗಲ್ಲಿನವನ ಮೇಲೆ ಹರಿಹಾಯ್ದರು. ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿಲ್ಲ.

ಹೋದ ವರ್ಷ ಅವರು ಇದ್ದಕ್ಕಿದ್ದಂತೆ ಕ್ಲಿನಿಕ್ ಮುಚ್ಚಿದರು. ರಂಗಿಯನ್ನು ಕರೆದುಕೊಂಡು ಪಾಪಿನಾಯಕನಹಳ್ಳಿಯ ಅವರ ಮನೆಗೇ ಹೋದೆ. ಕಿವಿ ಮೂಸಿದರು, ಕಣ್ಣಿನ ಹತ್ತಿರಕ್ಕೆ ಬೆರಳು ತಂದರು. ಬೆರಳು ನಡುಗುತ್ತಿತ್ತು.

“ಇಂಥ ಕೈ ನರದ ಹತ್ರ ಒಯ್ಯಬಾರದಲೇ. ಅದಕ್ಕ ಬಿಟ್ಟೆ” ಅಂದರು. ನಾನು ರಂಗಿಯನ್ನು ಎತ್ತಿಕೊಂಡೆ. ಹೊರಡುವಾಗ ಬಾಗಿಲವರೆಗೆ ಬಂದು, “ಹುಷಾರಾಗಿ ಹೋಗ್ರಿ” ಎಂದರು. ನಾನು ತಲೆಯಾಡಿಸಿದೆ.

“ನಿನಗಲ್ಲಲೇ. ಅವರಿಗೆ.”

ಮುಂದಿನ ಸುಗ್ಗಿಗೆ ಶಂಕ್ರಮ್ಮ ಇರಲಿಲ್ಲ. ಈಗಲೂ ಒಮ್ಮೊಮ್ಮೆ ಗಿರಣಿಯಲ್ಲಿ ರಂಗಿಯ ಕಣ್ಣಿನ ಹತ್ತಿರಕ್ಕೆ ಬೆರಳು ತರುತ್ತೇನೆ. ಅವಳು ರೆಪ್ಪೆ ಮುಚ್ಚಿ ತೆರೆಯುತ್ತಾಳೆ. ನನಗೆ ಬೈಯುವವರು ಮಾತ್ರ ಇಲ್ಲ.