ಒಂಬತ್ತೇ ಮಂದಿಯ ಅಂಗಡಿ

ನಾನು ಫೋನ್ ಮಾಡಿದರೆ ನಮ್ಮವ್ವ ಮೊದಲು ಕೇಳುವುದು, "ಯಾರು ಮಾತಾಡಾಕತ್ತೀರಿ?" ತಪ್ಪು ಅವಳದಲ್ಲ. ಒಂದು ದಿನ ಬ್ಯಾಡಗಿ ಬಸ್ಸಿನ ಕಂಡಕ್ಟರನಂತೆ, ಇನ್ನೊಂದು ದಿನ ಮೆಣಸಿನಕಾಯಿ ದಲಾಲನಂತೆ, ಮತ್ತೊಂದು ದಿನ ಅವಳಂತೆಯೇ ಮಾತಾಡಿದ್ದರ ಫಲ ಅದು. ನನ್ನ ಸ್ವಂತ ದನಿ ಹೇಗಿದೆಯೋ ನನಗೂ ಸರಿಯಾಗಿ ಗೊತ್ತಿಲ್ಲ. ಕೇಳುವಂಥದ್ದಾಗಿದ್ದರೆ ಇಷ್ಟೊತ್ತಿಗೆ ಯಾರಾದರೂ ಅಣಕಿಸುತ್ತಿದ್ದರು.

ಈ ಗುಣದಿಂದಲೇ ರಾಣೆಬೆನ್ನೂರಿನ ಸೀರೆ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಗಿರಾಕಿ ಯಾವ ಊರಿನವರೋ ಆ ಊರಿನ ಮಾತಿನಲ್ಲೇ ಸೀರೆ ಹಾಸುತ್ತಿದ್ದೆ. ಮಾಲಕರ ಅಣಕ ಮಾತ್ರ ಊಟದ ಹೊತ್ತಿಗೆ, ಮೇಲಿನ ಗೋದಾಮಿನಲ್ಲಿ. ಎರಡು ಸಲ ಕೆಮ್ಮುವುದು, ಇಲ್ಲದ ಹೊಟ್ಟೆಯನ್ನು ಮುಂದೆ ತಂದು ಸವರುವುದು, ಆಮೇಲೆ, "ಇಲ್ಲಿ ಆಳು-ಮಾಲಕ ಅನ್ನೂದs ಇಲ್ಲ. ನೀವೆಲ್ಲಾ ನಮ್ಮ ಮನಿ ಮಂದಿ!" ಅನ್ನುವುದು. ನಕ್ಕು ನಕ್ಕು ಹೆಣ್ಣುಮಕ್ಕಳ ಬುತ್ತಿ ತಣ್ಣಗಾಗುತ್ತಿತ್ತು.

ಈ ಮನೆ ಮಂದಿ ಒಟ್ಟು ಹದಿನೈದು ಜನ. ಹಾಜರಿ ಪುಸ್ತಕದಲ್ಲಿ ಇದ್ದವರು ಒಂಬತ್ತು, ಎಲ್ಲರೂ ಗಂಡಸರು. ಆರು ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರಲೇ ಇಲ್ಲ. ಹತ್ತು ಮಂದಿ ದುಡಿಯುವ ಅಂಗಡಿಯಾದರೆ ಹೆರಿಗೆ ರಜೆಯ ಕಾನೂನು ಬಾಗಿಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ನಮ್ಮ ಮಾಲಕರ ಲೆಕ್ಕ ಒಂಬತ್ತರ ಆಚೆ ದಾಟುತ್ತಿರಲಿಲ್ಲ.

ಇಳಕಲ್ ಸೀರೆಯ ಕೌಂಟರಿನಲ್ಲಿ ಒಬ್ಬ ಅಕ್ಕ ಇದ್ದಳು. ಕೊಟ್ಟ ಊರು ಐರಣಿ, ತವರು ಕರ್ಜಗಿ. ಆಗ ಅವಳಿಗೆ ಏಳು ತಿಂಗಳು, ಚೊಚ್ಚಲು. ಅಂಗಡಿಯಲ್ಲಿ ಗಿರಾಕಿಗಳಿಗೆ ಸ್ಟೂಲು, ನಮಗೆ ನೆಲ, ನಿಲ್ಲಲು ಮಾತ್ರ. ಅಕ್ಕ ರಜೆ ಕೇಳಿದಾಗ ಮಾಲಕರು ಬಲು ಪ್ರೀತಿಯಿಂದ, "ಹಡದು ಆರಾಮಾಗು ತಂಗಿ. ಆಮ್ಯಾಲೆ ಜಾಗಾ ಇದ್ರ ನೋಡೂಣು" ಅಂದಿದ್ದರು. ಏಳು ವರ್ಷದ ಕೆಲಸ ಒಂದು 'ನೋಡೂಣು' ಮೇಲೆ ನಿಂತಿತ್ತು. ಮಾಲಕರ ಮುಂದೆ ತಲೆ ಎತ್ತದ ಅಕ್ಕ "ಹೂನ್ರಿ" ಅಂದು ಬಂದು, ಸೀರೆ ರಾಶಿಯ ಹಿಂದೆ ಕಣ್ಣೊರೆಸಿಕೊಂಡಳು.

ಆ ವಾರವೇ ಬಜಾರಿನಲ್ಲಿ ಸುದ್ದಿ ಹಬ್ಬಿತು. ಹಾವೇರಿಯಿಂದ ಲೇಬರ್ ಇನ್ಸ್‌ಪೆಕ್ಟರ್ ಬಂದು ಅಂಗಡಿ ಅಂಗಡಿ ನೋಡುತ್ತಿದ್ದಾರಂತೆ. ಮಾಲಕರು ನನ್ನನ್ನು ಕರೆದರು.

"ಏನಲೇ, ನನ್ನ ಅಣಕ ಮಾಡ್ತೀಯಂತ?"

"ಇಲ್ರಿ ಸಾವ್ಕಾರ್ರ..."

"ಇರಲಿ ಬಿಡು. ಈಗ ಸಾಹೇಬನ ಪಾರ್ಟ್ ಮಾಡು. ಇವರಿಗೆಲ್ಲಾ ತಾಲೀಮು ಕೊಡು."

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಮಾಲಕರ ಕುರ್ಚಿ ಸಿಕ್ಕಿತು, ಅವರ ಕನ್ನಡಕವೂ ಸಿಕ್ಕಿತು. ಗಂಟಲು ದಪ್ಪ ಮಾಡಿ, ಮೇಜು ಗುದ್ದಿ, "ಎಷ್ಟು ಮಂದಿ ಇದ್ದೀರಿ? ಖರೇ ಹೇಳ್ರಿ!" ಎಂದು ಗುಡುಗಿದೆ. ಗಂಡಸರು "ಒಂಬತ್ತು ಮಂದಿರೀ" ಅನ್ನಬೇಕು. ಹೆಣ್ಣುಮಕ್ಕಳು ಸ್ಟೂಲಿನ ಮೇಲೆ ಗಿರಾಕಿಗಳಾಗಿ ಕೂತು, "ಸೀರಿ ನೋಡಾಕ ಬಂದೇವ್ರಿ" ಅನ್ನಬೇಕು. ನಾಲ್ಕು ಸಲ ತಾಲೀಮಾಯಿತು. ಚೆನ್ನಾಗಿ ಸುಳ್ಳು ಹೇಳಿದವರಿಗೆ ನಾನೇ ಭೇಷ್ ಅಂದೆ. ಅಕ್ಕನ ಸರದಿ ಬಂದಾಗ ಅವಳು ನನ್ನನ್ನೇ ನೋಡಿದಳು. ನಾನು ಕನ್ನಡಕ ತೆಗೆದು ಒರೆಸುವ ನಟನೆ ಮಾಡಿದೆ. ಅದೊಂದು ನಟನೆ ಮಾತ್ರ ಚೆನ್ನಾಗಿ ಬರಲಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಆರೂ ಜನ ಸ್ಟೂಲಿನ ಮೇಲೆ. ಆ ಅಂಗಡಿಯಲ್ಲಿ ಅಕ್ಕ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದುರಿಗೆ ಬಿಚ್ಚಿದ ಸೀರೆಗಳ ಗುಡ್ಡೆ. ಹನ್ನೆರಡಾದರೂ ಗುಡುಗುವ ಸಾಹೇಬರ ಸುಳಿವಿಲ್ಲ. ಛತ್ರಿ ಹಿಡಿದ ಒಬ್ಬ ಗಿಡ್ಡ ಹೆಂಗಸು ಮಾತ್ರ ಬಂದು, ಅಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತು ನೀರು ಕೇಳಿದರು. ಕನ್ನಡ ಶಾಲೆಯ ಟೀಚರಿರಬೇಕು ಅಂದುಕೊಂಡು ನಾನು ಉತ್ಸಾಹದಿಂದ ಸೀರೆ ಹಾಸಿದೆ.

"ಬರ್ರಿ ಬಾಯಾರ, ಈ ಸೀರಿ ಉಟ್ರ ಮನಿಯವರು ನಿಮ್ಮ ಗುರ್ತs ಹಿಡಿಯಂಗಿಲ್ಲ!"

"ಹಂಗಾರ ನನ್ನ ಒಳಗ ಯಾರು ಬಿಟ್ಕೋಬೇಕೋ ತಮ್ಮಾ?" ಅಂದರು. ನನ್ನ ಕೌಂಟರಿನಲ್ಲಿ ಅಂಥ ಉತ್ತರ ಅಪರೂಪ.

ಅಷ್ಟರಲ್ಲಿ ನಮ್ಮ ತಾಲೀಮು ಮುರಿಯತೊಡಗಿತ್ತು. ಬಿಚ್ಚಿದ ಸೀರೆ ಕಂಡರೆ ಸೀರೆ ಅಂಗಡಿಯವರ ಕೈ ಸುಮ್ಮನಿರುವುದಿಲ್ಲ. ಮೊದಲು ಒಬ್ಬಳು ಮೆಲ್ಲಗೆ ಒಂದು ಸೆರಗು ಜೋಡಿಸಿದಳು. ಪಕ್ಕದವಳು ಇನ್ನೊಂದು ತುದಿ ಹಿಡಿದಳು. ನೋಡನೋಡುತ್ತ ಆರೂ ಗಿರಾಕಿಗಳು ಅಂಚಿಗೆ ಅಂಚು ಕೂಡಿಸಿ, ಮೊಣಕೈಯಿಂದ ಸುಕ್ಕು ಒತ್ತಿ, ಪಟಪಟ ಮಡಚಿ ಸಾಲಾಗಿ ಒಟ್ಟುತ್ತಿದ್ದರು. ನಾನು ಕಣ್ಣು ಹೊಡೆದೆ, ಕೆಮ್ಮಿದೆ. ಯಾರಿಗೂ ಪರಿವೆಯಿಲ್ಲ.

ಛತ್ರಿಯ ಹೆಂಗಸು ಅಕ್ಕನ ಕೈಯನ್ನೇ ನೋಡುತ್ತಿದ್ದರು. "ಭಾಳ ಚಂದ ಮಡಚ್ತೀರಲ್ಲವಾ. ಎಲ್ಲಿ ಕಲ್ತೀರಿ?"

"ಇಲ್ಲೇ ರೀ. ಏಳು ವರ್ಷ ಆತು."

ಬಂದವರು ಯಾರೆಂದು ಗೊತ್ತಿದ್ದೇ ಹಾಗೆ ಹೇಳಿದಳೋ, ಗೊತ್ತಿಲ್ಲದೆ ಹೇಳಿದಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಹೆಂಗಸು ಚೀಲದಿಂದ ಗುರುತಿನ ಚೀಟಿ ತೆಗೆದು ಕೌಂಟರಿನ ಮೇಲಿಟ್ಟರು. ಕಾರ್ಮಿಕ ನಿರೀಕ್ಷಕರು. ಹಾಜರಿ ಪುಸ್ತಕ ತರಿಸಿದರು. ಮೇಜು ಗುದ್ದಲಿಲ್ಲ, ದನಿ ಏರಿಸಲಿಲ್ಲ. ನನ್ನ ಗುಡುಗೆಲ್ಲ ದಂಡವಾಯಿತು.

ಮಾಲಕರು ಎರಡು ಸಲ ಕೆಮ್ಮಿದರು. "ಮೇಡಂ, ಇವರು ಕೆಲಸದವರಲ್ರಿ. ನಮ್ಮ ಮನಿ ಮಂದಿ. ಈ ತಂಗಿ ಅಂತೂ ನನ್ನ ಮಗಳಿದ್ದಂಗ."

ಮೇಡಂ ಅಕ್ಕನ ಹೊಟ್ಟೆ ನೋಡಿದರು, ಮಾಲಕರನ್ನು ನೋಡಿದರು. "ಚೊಚ್ಚಲ ಬಾಣಂತನ ತವರಮನಿಯವರ ಪಾಲಿಂದು. ಮಗಳಂದ್ರ ನೀವs ಮಾಡ್ರಿ ಮತ್ತ. ಎಣ್ಣಿ-ನೀರು, ತೊಟ್ಟಲಾ ಎಲ್ಲಾ. ಆಗಂಗಿಲ್ಲಂದ್ರ ಕೆಲಸದಾಕಿ ಅಂತ ಬರೀರಿ. ಇಪ್ಪತ್ತಾರು ವಾರ ರಜಾ ಕೊಡ್ರಿ, ಸಂಬಳ ಸಮೇತ."

ಮಾಲಕರು ಪೆನ್ನು ಹುಡುಕಿದರು. ಮಡಚಿದ ಸೀರೆಯೊಳಗೆ ಮುಖ ಹುದುಗಿಸಿ ನಕ್ಕದ್ದು ನಾನೊಬ್ಬನೇ ಅಲ್ಲ.

ಆರು ಹೆಸರೂ ಪುಸ್ತಕ ಸೇರಿದವು. ಅಕ್ಕನ ಅರ್ಜಿ ಬರೆದುಕೊಟ್ಟವನು ನಾನು. ಅವಳು ಎರಡು ಸಲ ಓದಿ, ಸಹಿ ಹಾಕಿ, ನಕಲಿನ ಮೇಲೆ ಅಂಗಡಿಯ ಸಿಕ್ಕಾ ಒತ್ತಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಏನೋ ಸಾಹೇಬಾ, ಕುರ್ಚಿ ಮ್ಯಾಲೆ ಕುಂತಾಗ ನನ್ನ ರಜಾದ್ದು ಒಂದು ಮಾತು ಕೇಳಾಕ ಬರಲಿಲ್ಲೇನು ನಿನಗ?" ಅಂದಳು.

ಕರ್ಜಗಿಯಲ್ಲಿ ಅಕ್ಕನಿಗೆ ಹೆಣ್ಣು ಹುಟ್ಟಿತು. ಕೆಲ ತಿಂಗಳಾದ ಮೇಲೆ, ಮದುವೆ ಸುಗ್ಗಿಯಲ್ಲಿ ಅಂಗಡಿ ತುಂಬಿದ್ದಾಗ ನನಗೆ ಚೇಷ್ಟೆ ತಡೆಯಲಾಗಲಿಲ್ಲ. ಅಂಗಡಿಯ ಫೋನಿನಿಂದಲೇ ಅವಳಿಗೆ ಹಚ್ಚಿ ಎರಡು ಸಲ ಕೆಮ್ಮಿದೆ. "ತಂಗಿ, ಇಲ್ಲಿ ಭಾಳ ಗದ್ದಲ ಐತಿ. ಲಗೂ ಬಂದ್ಬಿಡವಾ."

ಆ ಕಡೆ ಕೂಸು ಅಳುತ್ತಿತ್ತು. ಅಕ್ಕ ಅದನ್ನು ಸಮಾಧಾನ ಮಾಡಿ, ಅವಸರವಿಲ್ಲದೆ ಹೇಳಿದಳು, "ಇನ್ನೂ ಏಳು ವಾರ ಅದಾವ್ರಿ ಸಾವ್ಕಾರ್ರ. ಕಾಗದ ನಿಮ್ಮ ಕಡೆನೂ ಐತಿ, ತಗದು ನೋಡ್ರಿ."

'ನಾನs ಅಕ್ಕಾ' ಅನ್ನಬೇಕೆಂದು ಬಾಯಿ ತೆರೆದವನು, "ಆತವಾ, ಆರಾಮ ಇರು" ಎಂದು ಮಾಲಕರ ದನಿಯಲ್ಲೇ ಫೋನ್ ಇಟ್ಟೆ.