ಲಾರಿಯಲ್ಲಿ ಮೊದಲು ಏನಿತ್ತು

ನಮ್ಮ ಗೋದಾಮು ಸೋಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಮೇಲಿದೆ. ಗುಜರಾತಿನಿಂದ ಹಡಗಿನಲ್ಲಿ ಬಂದ ಉಪ್ಪು ಬಂದರಿನಲ್ಲಿ ಲಾರಿಗೇರಿ ನಮ್ಮಲ್ಲಿ ಇಳಿಯುತ್ತದೆ. ಇಲ್ಲಿಂದ ಟಾವೆಲ್ಲು, ಚಾದರಗಳಿಗೆ ಬಣ್ಣ ಹಾಕುವ ಕಾರ್ಖಾನೆಗಳಿಗೆ ಹೋಗುತ್ತದೆ. ತಿನ್ನುವ ಉಪ್ಪಲ್ಲ. ಆದರೆ ಲಾರಿಯ ಮೂಲೆಗಳಲ್ಲಿ ಉಳಿದದ್ದು ಗುಡಿಸಿದವಳಿಗೆ ಸೇರಬೇಕೆಂಬುದು ತಂದೆಯ ಕಾಲದ ರೂಢಿ. ತಿನ್ನಬೇಡವೆಂದರೂ ಅದು ಅವಳ ಅಡುಗೆಮನೆಗೆ ಹೋಗುತ್ತದೆ. ಅದಕ್ಕಾಗಿಯೇ ಗೇಟಿನಲ್ಲಿ ಪ್ರತಿ ಡ್ರೈವರನಿಗೂ ಕೇಳುತ್ತೇನೆ: ಇದಕ್ಕೂ ಮೊದಲು ಲಾರಿಯಲ್ಲಿ ಏನಿತ್ತು?

ಆ ಸೋಮವಾರ ಕೇಳಲಿಲ್ಲ. ಕಾರ್ಖಾನೆಯ ಮ್ಯಾನೇಜರ್ ಫೋನಿನಲ್ಲಿ ಕೂಗಾಡುತ್ತಿದ್ದ. ನಾನು ಕೈಬೀಸಿ ಲಾರಿಯನ್ನು ಒಳಗೆ ಬಿಟ್ಟೆ.

ಗುರುವಾರ ಬೆಳಿಗ್ಗೆ ಅದೇ ಡ್ರೈವರ್ ಮತ್ತೆ ಬಂದ. ಈ ಸಲ ಕೇಳಿದೆ.

"ಈ ಸಲ ಬಂದರಕ್ಕ ಖಾಲಿನ ಹೋಗಿದ್ದೆ, ಸಾವಕಾರ್ರ. ಹ್ವಾದ ಸಲ ಹೊಲಕ್ಕ ಹೊಡಿಯೋ ಔಷಧ ಒಯ್ದಿದ್ದೆ. ಒಂದು ಚೀಲ ಒಡದು ಮೂಲ್ಯಾಗೆಲ್ಲಾ ಪುಡಿ ಚೆಲ್ಲಿತ್ತು."

"ತೊಳದಿದ್ದೇನು?"

"ನೀವು ಕೇಳಲೇ ಇಲ್ಲಲ್ರಿ."

ಗುಡಿಸುವ ಮುದುಕಿಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಅವಳು ಸೋಮವಾರದ ಉಪ್ಪನ್ನು ಗಂಟು ಕಟ್ಟಿಕೊಂಡು, ಉಪ್ಪಿನಕಾಯಿ ಹಾಕಲು ರಜೆ ಪಡೆದು, ತನ್ನ ಊರು ವಾಗದರಿಗೆ ಹೋಗಿದ್ದಳು. ಫೋನ್ ಮಾಡಿದೆ, ಬಂದ್. ಕಾರ್ಖಾನೆಗೆ, ಆ ಉಪ್ಪು ಮುಟ್ಟಬೇಡಿ ಎಂದು ಹೇಳಿ ಕಾರು ಹತ್ತಿದೆ. ಐವತ್ತರ ಮೇಲೆ ಎಂದೂ ಓಡಿಸದವನು ಆ ದಿನ ವೇಗದ ಮುಳ್ಳು ನೋಡಲಿಲ್ಲ. ಅಕ್ಕಲಕೋಟ ದಾಟುವವರೆಗೂ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಅವಳ ಓಣಿಯ ತಿರುವಿನಲ್ಲಿ ನಾಲ್ಕು ಜನ ನಿಂತದ್ದು ಕಂಡು ಸಾವಿನ ಮನೆಯೆಂದೇ ತಿಳಿದೆ. ಅವರು ನೀರಿನ ಟ್ಯಾಂಕರಿಗಾಗಿ ಕಾಯುತ್ತಿದ್ದರು.

ಮಾವಶಿ ಅಂಗಳದಲ್ಲಿ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು.

"ಯಾರರೆ ತಿಂದೀರೇನು ಇದನ್ನ?"

"ಅಯ್ಯ, ಬಂದವರು ಮೊದಲ ಕುಂಡರ್ರಿ. ಯಾರೂ ಮುಟ್ಟಿಲ್ಲ. ಉಪ್ಪು ಹತ್ತೈತೋ ಇಲ್ಲೋ ಅಂತ ನಾನ ಈಗ ಒಂದು ಹೋಳು ಬಾಯಾಗ ಹಾಕ್ಕೊಂಡೆ. ಯಾಕ್ರಿ?"

ಹೇಳಿದೆ. ಅವಳು ನಕ್ಕಳು. ನಾನು ನಗಲಿಲ್ಲ. ಭರಣಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟೆ, ಅವಳನ್ನು ಕೈಹಿಡಿದು ಕೂರಿಸಿದೆ. ಅಕ್ಕಲಕೋಟದ ಡಾಕ್ಟರು ಭರಣಿ ಮೂಸಿ ನೋಡಿ, ಸಂಜೆಯವರೆಗೆ ಇಲ್ಲೇ ಇರಲಿ, ಬೆವರು, ವಾಂತಿ ಏನಾದರೂ ಕಂಡರೆ ತಕ್ಷಣ ಕರೆಯಿರಿ ಎಂದರು.

ಕಾಟಿನ ಪಕ್ಕದ ಸ್ಟೂಲಿನಲ್ಲಿ ಕೂತೆ. ಕಾಲು ಗಂಟೆಗೊಮ್ಮೆ ಅವಳ ಹಣೆ ಮುಟ್ಟಿದೆ. ಒಮ್ಮೆ ಬೆವರಿತ್ತು, ಕೂಗಿಕೊಂಡು ಓಡಿದೆ. ನರ್ಸ್ ಬಂದು ಫ್ಯಾನ್ ಹಾಕಿ ಹೋದಳು. ನಿದ್ದೆ ಹತ್ತಿದಾಗ ಉಸಿರು ನಿಂತಿತೆಂದು ತೋರಿ ಎಬ್ಬಿಸಿದೆ.

"ಔಷಧ ಬಿಡತದ, ನೀವು ಬಿಡೂದಿಲ್ಲ ನನ್ನ!" ಎಂದು ಸಿಡಿದಳು.

ಸಂಜೆ ಆರಕ್ಕೆ ಡಾಕ್ಟರು ಇನ್ನು ಹೊರಡಬಹುದು ಎಂದರು. ಭರಣಿಯನ್ನು ಅವರೇ ಇಟ್ಟುಕೊಂಡರು.

"ವರ್ಷದ ಉಪ್ಪಿನಕಾಯಿ ಹ್ವಾತು. ಈಗ ಯಾರು ಕೊಡಸ್ತಾರ?"

ಪೇಟೆಯಲ್ಲಿ ಮಾವಿನಕಾಯಿ ಕೊಡಿಸಿದೆ, ಅಂಗಡಿಯ ಉಪ್ಪನ್ನೂ. ಪಾಕೀಟಿನ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿಯೇ ಅವಳ ಕೈಗಿಟ್ಟೆ. ಕಾರಿನಲ್ಲಿ ಕೂತೊಡನೆ ಅವಳು ಅದನ್ನು ಹಲ್ಲಿನಿಂದ ಹರಿದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

ನಾನು ಗಡಿಯಾರ ನೋಡಿದೆ.