ನಾಡಿ ಹಿಡಿಯುವ ಮಿಸ್ತ್ರಿ

ಯುದ್ಧದಿಂದಾಗಿ ಹೊಸ ಮೋಟಾರು ಬರುವುದು ನಿಂತ ಮೇಲೆ, ರಾಯಚೂರಿನಲ್ಲಿ ಹಳೆಯದನ್ನು ಕೊಂಡವರೆಲ್ಲ ಮೊದಲು ಕಾಣುವುದು ಇಮಾಮುದ್ದೀನ್ ಮಿಸ್ತ್ರಿಯನ್ನು. ಅವನು ಬಾನೆಟ್ಟು ಎತ್ತುವುದಿಲ್ಲ. ಮಾಲೀಕನಿಂದಲೇ ಗಾಡಿ ಓಡಿಸಿ, ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು, ಹಕೀಮನಂತೆ ಮಾಲೀಕನ ಮಣಿಕಟ್ಟು ಹಿಡಿಯುತ್ತಾನೆ. ಗಾಡಿ ಓಡುವಾಗಲೆಲ್ಲ ಸ್ಟೇರಿಂಗು ನಡುಗಿದರೆ, "ಮುಂದಿನ ಗಾಲಿ ಸೊಟ್ಟ ಅದರೀ" ಎನ್ನುತ್ತಾನೆ. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ, "ಬ್ರೇಕಿನ ಡ್ರಮ್ ದುಂಡಗ ಉಳಿದಿಲ್ರೀ" ಎನ್ನುತ್ತಾನೆ. ಮಾನ್ವಿ ಮುಟ್ಟುವಷ್ಟರಲ್ಲಿ ಮಾರಿದವನು ಹೇಳಿದ ಸುಳ್ಳುಗಳೂ ಅವನಿಗೆ ತಿಳಿದಿರುತ್ತವೆಂದು ಜನರ ನಂಬಿಕೆ. ಚಹಾ ಕೊಟ್ಟರೆ ಬಸಿಯನ್ನು ಕಟ್ಟೆಯ ಮೇಲೆ ಇಡಿಸಿ, ಬಗ್ಗಿ ಹೀರುತ್ತಾನೆ. ದೇವದುರ್ಗದ ಸೂಗಪ್ಪ ಸಾಹುಕಾರರು ಒಮ್ಮೆ, "ಸ್ಟೇರಿಂಗ್ ನೀನ ಹಿಡಿದು ನೋಡಬಾರದೇನೋ ಮಿಸ್ತ್ರಿ?" ಎಂದು ಕೇಳಿದರು. ಅವನು ಎರಡೂ ಕೈ ಚಾಚಿ ತೋರಿಸಿದ. "ಇವು ನಿಲ್ಲಂಗಿಲ್ರೀ ಸಾಹುಕಾರ್ರ. ನಾ ಹಿಡಿದ್ರ ಒಳ್ಳೆ ಗಾಡಿನೂ ನಡುಗ್ತದ."